ಬಿಸಿಲುಂಡ ವರ್ಜೀನಿಯಾ

ಹುಡುಗನ ತಂದೆ ಅಂದಾನೆಪ್ಪನವರು ಪೈಪಿಗೆ ಕಡ್ಡಿ ಗೀರಿದಾಗ ಸುಧಾರಾಣಿ ಚಹಾ ಹಿಡಿದು ಬಾಗಿಲಲ್ಲೇ ನಿಂತಳು. ನೋಡಲು ಬಂದ ಹುಡುಗ ಅವಳಿಗೆ ತುಂಬ ಹಿಡಿಸಿದ್ದ. ಹಿರಿಯರು ಹೂಂ ಅನ್ನುವುದಷ್ಟೇ ಬಾಕಿಯಿತ್ತು.

“ಇದು ಶುದ್ಧ ವರ್ಜೀನಿಯಾ ತಂಬಾಕು ರೀ. ಬೆರಕಿ ಇಲ್ಲ. ಮೊದಲ ಒಣಹುಲ್ಲಿನ ವಾಸನಿ, ಆಮ್ಯಾಲೆ ಜೇನಿನ ಸವಿ,” ಎಂದು ಅಂದಾನೆಪ್ಪ ಕಣ್ಣುಮುಚ್ಚಿ ದಮ್ಮು ಎಳೆದರು.

“ಆದ್ರ ಅಂಗಡ್ಯಾಗ ನಿಮಗ ಮೋಸ ಮಾಡಿದ್ರು ನೋಡ್ರಿ,” ಅಂದರು ಪೈಪು ತುಂಬಿಕೊಟ್ಟಿದ್ದ ಸುಧಾರಾಣಿಯ ಅಪ್ಪ ಚನ್ನಬಸಪ್ಪ. ಮುಷ್ಟಿಯಲ್ಲಿ ಹಿಚುಕಿಯೇ ಮೆಣಸಿನಕಾಯಿಯ ತೇವ ಹೇಳುವ ಬ್ಯಾಡಗಿಯ ವ್ಯಾಪಾರಿ ಅವರು. “ನೀವು ಊಟಕ್ಕ ಕುಂತಾಗ ನಿಮ್ಮ ತಂಬಾಕಿನ ಡಬ್ಬಿ ತಗದು ಹಿಚುಕಿ ನೋಡಿದೆ. ತೂಕ ಬರ್ಲಿ ಅಂತ ನೀರು ಹೊಡದಿದ್ರು! ಮಾಳಿಗಿ ಮ್ಯಾಲೆ ನಮ್ಮ ಕಾಯಿ ಜೋಡಿನ ಹರವಿ ಗರಿಗರಿ ಒಣಗಿಸೇನಿ.”

ಅಂದಾನೆಪ್ಪ ಕೆಮ್ಮತೊಡಗಿದರು. ಮೂಗು ಕೆಂಪಾಯಿತು, ಕಣ್ಣಲ್ಲಿ ನೀರು ಸುರಿಯಿತು.

“ನಮ್ಮ ಕಾಯಿಗೆ ಖಾರ ಇಲ್ರಿ, ಬರೇ ಬಣ್ಣ,” ಎಂದು ಚನ್ನಬಸಪ್ಪ ಬೆನ್ನು ಸವರಿದರು.

“ಸಾಕ್ರಿ, ಸಾಕು. ಇನ್ನ ಈ ಜನ್ಮದಾಗ ಪೈಪು ಮುಟ್ಟಂಗಿಲ್ಲ,” ಎಂದು ಅಂದಾನೆಪ್ಪ ಎರಡೂ ಕೈ ಮುಗಿದರು.

ಅವರ ಹೆಂಡತಿ ಪ್ರೇಮವ್ವ ತಟ್ಟನೆ ಎದ್ದು ನಿಂತರು. ಸಂಬಂಧ ಮುರಿಯಿತೆಂದು ಸುಧಾರಾಣಿ ಚಹಾ ಹಿಡಿದೇ ಒಳಗೆ ತಿರುಗಿದಳು.

“ಮೂವತ್ತು ವರ್ಷ ಬಡಕೊಂಡ್ರೂ ಬಿಡಿಸಾಕ ಆಗಿರ್ಲಿಲ್ಲ ನನಗ,” ಅಂದರು ಪ್ರೇಮವ್ವ. “ಚಹಾ ಆಮ್ಯಾಲೆ ಕುಡಿಯೋಣಂತ. ಬೀಗರ, ಮೊದಲ ಸಕ್ರಿ ತರಸ್ರಿ, ಬಾಯಿ ಸಿಹಿ ಮಾಡೂಣು.”