ಹಸಿ ತುಂಡು

ಕಾರವಾರದ ಕಡಲು ಹೆಪ್ಪುಗಟ್ಟಿ ಇಪ್ಪತ್ತು ವರ್ಷವಾಗಿತ್ತು. ಬೊಮ್ಮ ಹರಿಕಂತ್ರ ಮಂಜುಗಡ್ಡೆಯ ಮೇಲೆ ದಾಪುಗಾಲು ಹಾಕುತ್ತ ಇನುಯಿಟ್ ಜನರ ಗುಡಾರಕ್ಕೆ ಬಂದ. ಸೀಲುಗಳ ಬೆನ್ನು ಹತ್ತಿ ಧ್ರುವದಿಂದ ಇಳಿದು ಬಂದ, ಮಾಂಸವನ್ನು ಹಸಿಯಾಗೇ ತಿನ್ನುವ ಆ ಜನರನ್ನು ಊರು 'ಹಸಿಬಾಕರು' ಎಂದು ಕರೆಯುತ್ತಿತ್ತು. ಬೊಮ್ಮನೂ ಹಾಗೇ ಕರೆಯುತ್ತಿದ್ದ.

"ನಿನ್ನ ಮದ್ದು ಬರೀ ಮೋಸ," ಎಂದು ಅವನು ಮುದುಕಿ ಅರ್ನಾಕಳ ಮೇಲೆ ಹರಿಹಾಯ್ದ. "ಎಂಟು ದಿನ ತಿಮಿಂಗಿಲದ ಚರ್ಮ ತಿನ್ಸಿದೆ. ಮಗಳ ಒಸಡಿನ ರಕ್ತ ನಿಂತಿಲ್ಲ. ನಿನ್ನೆ ಎರಡು ಹಲ್ಲು ಉದುರಿದ್ವು."

"ಹ್ಯಾಂಗೆ ತಿನ್ಸಿದೆ?"

"ಮನುಷ್ಯರ ಹಾಂಗೆ. ಚಂದ ಬೇಯ್ಸಿ, ಸಾರು ಮಾಡಿ."

ಗುಡಾರದಲ್ಲಿದ್ದವರು ನಕ್ಕರು. ಅರ್ನಾಕ್ ನಗಲಿಲ್ಲ.

"ಸೊಪ್ಪು ಕಾಣದ ನಮ್ಮ ಜನರ ಹಲ್ಲು ಯಾಕೆ ಗಟ್ಟಿ ಅಂತ ನಿಮ್ಮಲ್ಲಿ ಒಬ್ಬನೂ ಕೇಳ್ಲಿಲ್ಲ. ಕಲ್ಲು ಮಾತ್ರ ಹೊಡೆದ್ರಿ. ಚರ್ಮದಲ್ಲಿದ್ದ ಸತ್ವ ಎಲ್ಲ ನಿನ್ನ ಒಲೆ ತಿಂತು. ಈಗ ಇಲ್ಲೇ ಕೂತು ಮೊದಲು ನೀನು ತಿನ್ನು. ಆಮೇಲೆ ಮಗಳಿಗೆ ಕೊಡ್ತೆ."

ಅವಳು ಹಸಿ ಚರ್ಮದ ತುಂಡೊಂದರ ತುದಿಯನ್ನು ಅವನ ಹಲ್ಲಿಗೆ ಕಚ್ಚಿಸಿ, ತಮ್ಮವರ ಪದ್ಧತಿಯಂತೆ ತುಟಿಯ ಹತ್ತಿರವೇ ಕತ್ತಿಯಿಂದ ಕೊಯ್ದಳು. ಬೊಮ್ಮ ಉಸಿರು ಬಿಗಿಹಿಡಿದು ಅಗಿದ. ಚಿಕ್ಕಂದಿನಲ್ಲಿ ತಿಂದ ಎಳನೀರಿನ ಗಂಜಿ ನೆನಪಾಯಿತು. ರುಚಿಯಾಗಿದ್ದುದಕ್ಕೇ ಅವನ ಸಿಟ್ಟು ಇನ್ನಷ್ಟು ಏರಿತು.

ಅರ್ನಾಕ್ ಕೊಟ್ಟ ತುಂಡುಗಳನ್ನು ಹಿಡಿದು ಅವನು ಮನೆಗೆ ಬಂದಾಗ, ಹೆಂಡತಿ ದೇವು ಸಾರಿಗೆಂದು ಆಗಲೇ ನೀರು ಕುದಿಸುತ್ತಿದ್ದಳು. ಬೊಮ್ಮ ಪಾತ್ರೆಯನ್ನು ಹೊರಗೊಯ್ದು ಮಂಜಿನ ಮೇಲೆ ಸುರಿದ. ಮಗಳಿಗೆ ಅಗಿಯುವ ಶಕ್ತಿ ಇರಲಿಲ್ಲ. ಹಸಿ ತುಂಡನ್ನು ತಾನೇ ಜಗಿದು ಮೆತ್ತಗೆ ಮಾಡಿ ಅವಳ ಬಾಯಿಗಿಟ್ಟ.

"ಹಸೀದು, ಅದೂ ಎಂಜಲು," ಎಂದಳು ದೇವು.

"ಹೌದು," ಎಂದ ಬೊಮ್ಮ, ಇನ್ನೊಂದು ತುಂಡು ಜಗಿಯುತ್ತ.