ಹಿರಿಯಣ್ಣನವರ ವ್ಯಾನಿನ ಶರತ್ತುಗಳು

ಲೈಸೆನ್ಸು ಖೋಟಾ ಆಗಿರಲೇಬೇಕು. ಹಿರಿಯಣ್ಣನವರು ಅದನ್ನು ಬೆಳಕಿಗೆ ಹಿಡಿದರು, ಮೂಸಿ ನೋಡಿದರು, ಮೊಹರನ್ನು ಉಗುರಿನಿಂದ ಕೆರೆದರು. ಮೊಹರು ಅಳಿಸಲಿಲ್ಲ. ಫೋಟೋದಲ್ಲಿದ್ದ ಮೀಸೆಯೇ ಎದುರಿಗೂ ನಿಂತಿತ್ತು.

"ಕಬ್ ಸೇ ಚಲಾತಾ ಹೈ?"

"ಹನ್ನೊಂದು ವರ್ಷ ಆತ್ರಿ. ಮೊದಲ ಬಿಜಾಪುರದಾಗ ಲಾರಿ, ಈಗ ದಾದರಿನಾಗ ಟೆಂಪೊ," ಎಂದ, ವ್ಯಾನು ಬಾಡಿಗೆಗೆ ಕೇಳಿ ಬಂದಿದ್ದ ಸಿಕಂದರ.

ಮುಂಬಯಿಯಲ್ಲಿ ಕನ್ನಡ ಕಿವಿಗೆ ಬಿದ್ದರೆ ಹಿರಿಯಣ್ಣನವರ ಕಣ್ಣು ತುಂಬಿ ಬರುತ್ತಿತ್ತು. ಆಡಿದವನ ಹೆಸರು ಗೊತ್ತಾಗುವವರೆಗೆ.

ವ್ಯಾನು ಅಂತಿಂಥದಲ್ಲ. ಗೋವಾದಲ್ಲಿ ಮುಕ್ತಿ ಸಿಗದೆ ಊರಿಗೆ ವಿಮಾನ ಹತ್ತಿದ ಜರ್ಮನ್ ಹಿಪ್ಪಿ ಜೋಡಿಯೊಂದು ಮಾರಿಹೋದದ್ದು. ಒಳಗೆ ಹಾಸಿಗೆ, ಒಲೆ, ನೀರಿನ ಟಾಂಕಿ, ಕಿಟಕಿಗೆ ಪರದೆ. ಪಿಕ್ನಿಕ್ಕಿನವರಿಗೆ ಬಾಡಿಗೆ. ಅದು ನಿಲ್ಲುತ್ತಿದ್ದದ್ದು ಘಾಟ್ಕೋಪರಿನ ಸಮಭಾವ ಹೌಸಿಂಗ್ ಸೊಸೈಟಿಯ ಕಂಪೌಂಡಿನಲ್ಲಿ. ಬೇರೆಯವರ ಸ್ಕೂಟರಿಗೂ ಅಲ್ಲಿ ಜಾಗವಿರಲಿಲ್ಲ. ಆದರೆ ಹಿರಿಯಣ್ಣನವರು ಸೊಸೈಟಿಯ ಸೆಕ್ರೆಟರಿ. ಎರಡನೇ ಮಾಳಿಗೆಯ ಫ್ಲ್ಯಾಟು ಖಾಲಿ ಬಿದ್ದು ಒಂದು ಮಳೆಗಾಲ ಕಳೆದಿದ್ದರೂ 'ತಕ್ಕ ಜನ' ಬರಲೆಂದು ಕಾಯುವಷ್ಟು ಸಂಯಮಿ. ಫೋನು ಮಾಡಿದವರ ಹೆಸರನ್ನು ಮೊದಲು ಕೇಳುವರು. ಫ್ಲ್ಯಾಟು ಖಾಲಿಯಿದೆಯೋ ಇಲ್ಲವೋ ಎಂಬುದು ಅವರಿಗೆ ಆಮೇಲಷ್ಟೇ ನೆನಪಾಗುವುದು.

ಇಲ್ಲ ಎನ್ನುವುದು ಒರಟುತನ, ಶರತ್ತು ಹಾಕುವುದು ಸಂಸ್ಕಾರ ಎಂದು ನಂಬಿದ್ದ ಮನುಷ್ಯ.

"ಇದರಲ್ಲಿ ಭಾಂಡುಪಿನ ಚಾಳಿನ ಅಡ್ರೆಸ್ ಇದೆಯಲ್ಲಯ್ಯ. ಈಗ್ಲೂ ಅಲ್ಲೇನಾ?"

"ಚಾಳ ಕೆಡವ್ಯಾರ್ರೀ. ಈಗ ಈಕಿ ಅಕ್ಕನ ಮನಿಯಾಗ ಅದೀವಿ."

ಈಕೆ ಎಂದರೆ ಹೆಂಡತಿ ಮಲಿಕಾ. ಅಷ್ಟು ಹೊತ್ತು ವ್ಯಾನನ್ನೇ ನೋಡುತ್ತ ನಿಂತಿದ್ದಳು. "ಒಂದ ಖೋಲಿ, ಒಂಬತ್ತು ಮಂದಿ. ಒಂದು ತಿಂಗಳರೆ ಗಾಳಿ ಬೇಕಾಗೈತ್ರಿ ಸಾಹೇಬ್ರ."

ಒಂದು ತಿಂಗಳ ಪಿಕ್ನಿಕ್ಕು! ಟೆಂಪೊ ಓಡಿಸುವವನಿಗೆ! ಹಿರಿಯಣ್ಣನವರ ತಲೆಯೊಳಗೆ ಪೇಪರಿನ ಸುದ್ದಿಗಳೆಲ್ಲ ಎದ್ದು ಕುಳಿತವು. ದುಬೈ ವಾಚು, ಬಂಗಾರದ ಬಿಸ್ಕತ್ತು, ಹಾಸಿಗೆಯಡಿಯ ಗುಪ್ತ ಪೆಟ್ಟಿಗೆ. ಕಸ್ಟಮ್ಸಿನವರು ಒಮ್ಮೆ ಹಿಡಿದರೆ ವ್ಯಾನೂ ಹೋಯಿತು, ಸೆಕ್ರೆಟರಿ ಕುರ್ಚಿಯೂ ಹೋಯಿತು.

"ಹಳೇ ಅಡ್ರೆಸ್ ಚಲೇಗಾ ನಹೀಂ. ಒಂದು ವಾರದೊಳಗೆ ಲೈಸೆನ್ಸಿನ ಮೇಲೆ ಹೊಸದು ಹಾಕಿಸ್ಬೇಕು. ಸುಳ್ಳು ಅಡ್ರೆಸ್ ಅಲ್ಲ, ರಾತ್ರಿ ಮಲಗೋ ಜಾಗದ್ದು."

"ಹಾಕಸ್ತೀನ್ರಿ."

ಇನ್ನು ಪರೀಕ್ಷೆ. ಆಗ್ರಾ ರೋಡಿನಲ್ಲಿ ಭಾಂಡುಪಿನವರೆಗೆ ಹೋಗಿಬಂದು, ಗೇಟಿನ ಎರಡು ಕಂಬಗಳ ನಡುವೆ ವ್ಯಾನನ್ನು ಹಿಮ್ಮುಖವಾಗಿ ಒಳಗೆ ತರಬೇಕು. ಹಿಂದಿನ ಗಿರಾಕಿ ಒಬ್ಬ ಡಾಕ್ಟರು. ಸ್ಟೀರಿಂಗು ಮುಟ್ಟದೆಯೇ ಏಜೆಂಟನಿಂದ ಲೈಸೆನ್ಸು ತರಿಸಿಕೊಂಡಿದ್ದ ಗಣ್ಯರು. ಎಡಗಂಬಕ್ಕೆ ಅವರು ಬಳಿದುಹೋದ ವ್ಯಾನಿನ ಬಣ್ಣ ಇನ್ನೂ ಇತ್ತು. ಅವರ ಲೈಸೆನ್ಸನ್ನು ಹಿರಿಯಣ್ಣನವರು ಬಿಚ್ಚಿಯೂ ನೋಡಿರಲಿಲ್ಲ.

ಸಿಕಂದರ ಒಂದೇ ಸಲಕ್ಕೆ ತಂದು ನಿಲ್ಲಿಸಿದ. ಹಿರಿಯಣ್ಣನವರಿಗೆ ಬಹಳ ಬೇಸರವಾಯಿತು.

ಮಲಿಕಾ ಒಳಗೆ ಹತ್ತಿದಳು. ಒಲೆ ಮುಟ್ಟಿದಳು. ಪರದೆಯನ್ನು ಗೇಣು ಹಾಕಿ ಅಳೆದಳು.

"ನೀರು ಎಲ್ಲಿಂದ ತುಂಬೂದ್ರಿ?"

"ಈ ಕಂಪೌಂಡಿನ ನಲ್ಲಿಯಿಂದ. ಅದೊಂದು ನಿಮಗೆ ಫ್ರೀ. ಪೆಟ್ರೋಲು ಮಾತ್ರ ನಿಮ್ದೇ, ಈಗ್ಲೇ ಹೇಳ್ತಿದೀನಿ, ಬಲು ಕುಡಿಯುತ್ತೆ ಇದು."

"ಅದರ ಚಿಂತಿ ಇಲ್ಲ ಬಿಡ್ರಿ," ಎಂದ ಸಿಕಂದರ.

ಪೆಟ್ರೋಲಿನ ಚಿಂತೆ ಇಲ್ಲದವನು! ಈಗ ಅನುಮಾನ ಹೋಗಿ ಖಾತ್ರಿಯಾಯಿತು. ಹಿರಿಯಣ್ಣನವರು ಬ್ರಹ್ಮಾಸ್ತ್ರ ತೆಗೆದರು. ಕಳ್ಳಸಾಗಣೆ ರಾತ್ರಿಯ ಕಸುಬಲ್ಲವೇ?

"ಕೊನೇ ಕಂಡೀಶನ್. ದಿನಾ ಕತ್ತಲಾಗೋದ್ರೊಳಗೆ ವ್ಯಾನು ಇದೇ ಜಾಗದಲ್ಲಿ ಇರ್ಬೇಕು. ಲೈಸೆನ್ಸ್ ಇರೋನು ರಾತ್ರಿಯೆಲ್ಲ ಅದರೊಳಗೇ ಮಲಗ್ಬೇಕು. ಪೂರಾ ತಿಂಗಳು. ಆಗುತ್ತಾ?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಮಲಿಕಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳುತ್ತಿರಬೇಕು ಎಂದುಕೊಂಡರು ಹಿರಿಯಣ್ಣನವರು. ಸಿಕ್ಕಿಬಿದ್ದರಲ್ಲ!

"ಭಾಳ ಕಠಿಣ ಆತು," ಎಂದ ಸಿಕಂದರ ನೆಲ ನೋಡುತ್ತ. "ಆದ್ರ ಏನ್ ಮಾಡೂದು, ಒಪ್ಪೀವ್ರಿ."

ಮೊದಲ ಮಾಳಿಗೆಯ ಬಾಲ್ಕನಿಯಿಂದ ಕಮಿಟಿಯ ಕೌಸಲ್ಯಾ ಕೂಗಿದರು: "ಬೋರ್ಡಿನ ಮೇಲೆ ಬರೆದು ಸಹಿ ಹಾಕ್ಬಿಡಿ ಹಿರಿಯಣ್ಣ! ಆಮೇಲೆ ನೀವು ಹೇಳೇ ಇಲ್ಲ ಅಂತಾರೆ ಈ ಜನ."

ಒಳ್ಳೆಯ ಸಲಹೆ. ಸೊಸೈಟಿಯ ಕರಿಹಲಗೆಯ ಮೇಲೆ ಹಿರಿಯಣ್ಣನವರು ಮುತ್ತಿನಂಥ ಅಕ್ಷರಗಳಲ್ಲಿ ಶರತ್ತುಗಳನ್ನೆಲ್ಲ ಬರೆದು, 'ಯಾವ ಕಾರಣಕ್ಕೂ ಬದಲಾಯಿಸತಕ್ಕದ್ದಲ್ಲ' ಎಂದು ಸೇರಿಸಿ, ಕೆಳಗೆ ಗೀಟೆಳೆದು ಸಹಿ ಹಾಕಿದರು. ಕಾಲಿಟ್ಟ ಕಳ್ಳ ಓಡಿಹೋಗದಂತೆ ಬೋನು ಹೆಣೆದ ಸಮಾಧಾನದಲ್ಲಿ ಮಲಗಿದರು.

ಬೆಳಿಗ್ಗೆ ಇಳಿದು ಬಂದರೆ ವ್ಯಾನು ಇದ್ದಲ್ಲೇ ಇತ್ತು. ಅದರ ಬಾಗಿಲಿನಿಂದ ಎಡಗಂಬದವರೆಗೆ ಹಗ್ಗ. ಹಗ್ಗದ ಮೇಲೆ ತೊಟ್ಟಿಕ್ಕುವ ಲುಂಗಿ, ರವಿಕೆ. ಒಳಗಿನಿಂದ ಬೆಳ್ಳುಳ್ಳಿ ಒಗ್ಗರಣೆಯ ಘಾಟು ಸಮಭಾವ ಸೊಸೈಟಿಯ ಮಾಳಿಗೆ ಮಾಳಿಗೆ ಹತ್ತುತ್ತಿತ್ತು. ಸಿಕಂದರ ತಲೆ ಬಾಚಿ, ಊಟದ ಡಬ್ಬಿ ಹಿಡಿದು ನಿಂತಿದ್ದ.

"ಇನ್ನೂ ಹೊರಟಿಲ್ವೇನಯ್ಯ?"

"ಹೊಂಟೀನ್ರಿ. ದಾದರ್ ಲೋಕಲ್ಲಿಗೆ ಲೇಟಾತು."

"ಲೋಕಲ್ಲಾ? ಮತ್ತೆ ವ್ಯಾನು?"

ಮಲಿಕಾ ಬಂದು ಅವರ ಅಂಗೈಯಲ್ಲಿ ಒಂದು ಚಿಟಿಕೆ ಸಕ್ಕರೆ ಇಟ್ಟಳು. "ಬಾಯಿ ಸಿಹಿ ಮಾಡ್ಕೋರಿ, ಮನಿ ಹೊಕ್ಕೀವಿ. ಹೋದ ತಿಂಗಳ ನಿಮಗ ಫೋನ್ ಮಾಡಿದಾಕಿ ನಾನ ರೀ. ಎರಡನೇ ಮಾಳಿಗಿ ಖಾಲಿ ಇಲ್ಲಂದ್ರಿ. ಕೆಳಗ ಐತಿ ಅಂತ ಆವತ್ತ ಹೇಳಬಾರದಿತ್ತೇನ್ರಿ?"

ಸಿಕಂದರ ಜೇಬಿನಿಂದ ಲೈಸೆನ್ಸು ತೆಗೆದು, ಪೆನ್ನಿನ ಟೊಪ್ಪಿ ಬಿಚ್ಚಿ ಮುಂದೆ ಹಿಡಿದ: "ರಾತ್ರಿ ಮಲಗೂ ಜಾಗದ ಅಡ್ರೆಸ್ ಹಾಕಸಬೇಕಂದ್ರಿ, ಆಫೀಸಿನಾವ್ರು ಸೊಸೈಟಿ ಸೆಕ್ರೆಟರಿ ಸಹಿ ಕೇಳ್ತಾರಂತ; ಲಗೂನ ಹಾಕ್ರಿ, ಲೋಕಲ್ ತಪ್ಪತೈತಿ."