ಜಂಪಣ್ಣ ತಲೆದೂಗಲಿಲ್ಲ

ಜಂಪಣ್ಣನವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಗಾಜಿನ ಕಿಟಕಿಯ ಆಚೆ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಟೇಪ್ ಯಂತ್ರದ ಮುಳ್ಳಿನ ಮೇಲೆ ಕಣ್ಣು ನೆಟ್ಟು ಕೂತವರು ಕೂತೇ ಇದ್ದರು. ಈಚೆ ನಾಗೇಂದ್ರಪ್ಪನ ಬೆರಳುಗಳನ್ನು ಗಿಟಾರಿನ ತಂತಿ ಕೊಯ್ಯುತ್ತಿತ್ತು. ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಆ ಮನುಷ್ಯನಿಗೆ ಮಾತ್ರ ಏನೂ ಆಗುತ್ತಿರಲಿಲ್ಲ.

ನಾಗೇಂದ್ರಪ್ಪನಿಗೆ ಬೇಕಾಗಿದ್ದು ಇಷ್ಟೇ. ಜಂಪಣ್ಣ ಒಮ್ಮೆ ತಲೆದೂಗಬೇಕು. ಮದರಾಸಿನ ಸ್ಟುಡಿಯೋಗಳಲ್ಲಿ ಅರ್ಧ ಆಯಸ್ಸು ಕಳೆದು, ಚನ್ನಗಿರಿಗೆ ವಾಪಸು ಬಂದು, ಮನೆಯ ಹಿಂದಿನ ಕೋಣೆಯ ಗೋಡೆಗೆಲ್ಲ ಜಗಳೂರು ಕಂಬಳಿ ಹೊಡೆದು ರೆಕಾರ್ಡಿಂಗ್ ಶುರು ಮಾಡಿದ್ದ ಮನುಷ್ಯ ಅವರು. ಈ ಕಡೆಯಿಂದ ಯಾರೇ ಹೋಗಲಿ, ಬೆಂಗಳೂರಿನ ಕ್ಯಾಸೆಟ್ ಕಂಪನಿಯವರು ಮೊದಲು ಕೇಳುವುದು, "ಜಂಪಣ್ಣ ತಲೆದೂಗಿದರಾ?" ಎಂದು. ನ್ಯಾಮತಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ನಾಗೇಂದ್ರಪ್ಪನ ಅಪ್ಪನೂ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದ.

"ಆ ಜಂಪಣ್ಣ ಒಪ್ಪಿದ್ರೆ ನಿನ್ನ ದಾರಿ ನಿಂದು. ಇಲ್ಲಾಂದ್ರೆ ಗಿಟಾರು ಮಾರಿ ಅಂಗಡ್ಯಾಗೆ ಕೂರು."

ಈಚೆಗೆ ಜಂಪಣ್ಣ ಭಾರಿ ಬಿಗಿ ಎಂದು ಎಲ್ಲ ಕಡೆ ಮಾತು. ಹೊನ್ನಾಳಿಯ ಆರ್ಕೆಸ್ಟ್ರಾದವರು ಮುಖ ಸಣ್ಣದು ಮಾಡಿಕೊಂಡು ಹೋಗಿದ್ದರು. ಭಜನೆಯವರಿಗೂ ಅದೇ ಗತಿ. ಬಿಗಿಯಾದಷ್ಟೂ ಅವರ ಮೇಲಿನ ಗೌರವ ಏರುತ್ತಲೇ ಇತ್ತು.

ನಾಗೇಂದ್ರಪ್ಪನದು ಇನ್ನೂ ಹುಚ್ಚು ಸಾಹಸ. ಎಂಬತ್ತನಾಲ್ಕರಲ್ಲಿ, ಈ ಸೀಮೆಯಲ್ಲಿ, ರಾಕ್ ಸಂಗೀತದ ಕ್ಯಾಸೆಟ್! ಹಾಡಿಲ್ಲ, ಪಲ್ಲವಿಯಿಲ್ಲ, ಮುಂಚೆ ಕೂಡಿಸಿಟ್ಟ ಒಂದು ಸ್ವರವೂ ಇಲ್ಲ. ಅವನ ಗಿಟಾರು, ಬೆನಕಪ್ಪನ ಆರ್ಗನ್, ಸಣ್ಣಪ್ಪನ ಡ್ರಮ್ಮು. ಮೂವರು ಗೆಳೆಯರೂ ಒಬ್ಬರ ಮುಖ ಒಬ್ಬರು ನೋಡುತ್ತ, ಆ ಹೊತ್ತಿಗೆ ಏನು ಬರುತ್ತದೋ ಅದನ್ನೇ ನುಡಿಸುತ್ತ, ಒಂದೇ ಬೀಸಿಗೆ ಕ್ಯಾಸೆಟ್ ತುಂಬಬೇಕು. ಒಮ್ಮೆ ಬಂದದ್ದು ಇನ್ನೊಮ್ಮೆ ಬರುವುದಿಲ್ಲ.

ಬೆಳಿಗ್ಗೆ ನುಡಿಸಿದ್ದು ಹಾಳಾಗಿತ್ತು. ಗಲ್ಲಿಯಲ್ಲಿ ಲಾರಿಯೊಂದು ಹಾರ್ನ್ ಒತ್ತಿ ಹಿಡಿದು ಸಣ್ಣಪ್ಪನ ತಾಳ ತಪ್ಪಿಸಿತು. ಮೂವರೂ ನುಡಿಸುವುದು ಬಿಟ್ಟು ಲಾರಿಯವನ ವಂಶವನ್ನೆಲ್ಲ ಬೈಯುತ್ತಿದ್ದರೆ, ಜಂಪಣ್ಣ ಆ ಬೈಗುಳವನ್ನೂ ಟೇಪಿಗೆ ತುಂಬುತ್ತ ತಣ್ಣಗೆ ಕೂತಿದ್ದರು.

ನಾಗೇಂದ್ರಪ್ಪನಿಗೆ ಉರಿದುಹೋಯಿತು. ಸಾವರಿಸಿಕೊಂಡು, ಬಾಗಿಲಲ್ಲಿ ತಲೆ ಹಾಕಿ ಕೇಳಿದ.

"ಗಿಟಾರು ಜಾಸ್ತಿ ಆತೇನ್ರೀ ಜಂಪಣ್ಣಾರೆ?"

ಅವರು ಒಂದು ಗಳಿಗೆ ಅವನ ಮುಖವನ್ನೇ ದಿಟ್ಟಿಸಿದರು. "ಟೇಪು ಬೇಕಾದಷ್ಟು ಐತೆ. ನುಡಿಸ್ರಪ್ಪ."

ಕೇಳಿದ್ದು ಒಂದು, ಹೇಳಿದ್ದು ಇನ್ನೊಂದು. ದೊಡ್ಡವರ ಗತ್ತು ಎಂದುಕೊಂಡು ಅವನು ಹಲ್ಲು ಕಚ್ಚಿದ.

ಹಾಗೆ ಎರಡನೆಯ ಸಲ ಶುರುವಾಗಿತ್ತು. ಈಗ ಅವನು ಕ್ಯಾಸೆಟ್ಟಿಗಾಗಿ ನುಡಿಸುತ್ತಿರಲಿಲ್ಲ. ಆ ಮುಖವೊಂದು ಅಲುಗಿದರೆ ಸಾಕಿತ್ತು. ಗಿಟಾರಿನಲ್ಲೇ ಮೆತ್ತಗೆ ಬೇಡಿಕೊಂಡ, ಅಲುಗಲಿಲ್ಲ. ಜಗಳ ತೆಗೆದ, ಅಲುಗಲಿಲ್ಲ. ಸಿಟ್ಟು ನೆತ್ತಿಗೇರಿ, ತನಗೇ ಗೊತ್ತಿಲ್ಲದ ಯಾವುದೋ ಸ್ವರದ ಬೆನ್ನು ಹತ್ತಿದ. ಬೆನಕಪ್ಪ ಬಾಯಿ ತೆರೆದುಕೊಂಡೇ ಆರ್ಗನ್ನಿನಲ್ಲಿ ಹಿಂಬಾಲಿಸಿದ. ಸಣ್ಣಪ್ಪನ ಕೈ ಓಡುವುದು ಕಣ್ಣಿಗೆ ಕಾಣಲಿಲ್ಲ. ಮೂವರೂ ಹುಟ್ಟಿದಂದಿನಿಂದ ಹೀಗೆ ನುಡಿಸಿರಲಿಲ್ಲ.

ಆಚೆ ಕೋಣೆಗೆ ಕಾಫಿ ತಂದ ಜಂಪಣ್ಣನ ಹೆಂಡತಿ ಕೆಂಪಕ್ಕ ಲೋಟಗಳ ತಟ್ಟೆ ಹಿಡಿದುಕೊಂಡೇ ನಿಂತುಬಿಟ್ಟರು. ಸೆರಗಿನಿಂದ ಕಣ್ಣೊರೆಸಿಕೊಂಡರು. ನಾಗೇಂದ್ರಪ್ಪ ಅದನ್ನು ಕಂಡ. ಕೆಂಪಕ್ಕ ಅತ್ತರೆ ಯಾವ ಕಂಪನಿ ಕೇಳುತ್ತದೆ?

ನುಡಿಸಿ ಮುಗಿಯಿತು. ಕೋಣೆ ನಿಶ್ಶಬ್ದವಾಯಿತು. ಕೆಂಪಕ್ಕ ಗಂಡನ ಭುಜ ಮುಟ್ಟಿದರು. ಜಂಪಣ್ಣ ಬೆಚ್ಚಿ, ಯಂತ್ರ ನಿಲ್ಲಿಸಿ, ಎಂದಿನ ಮುಖದಲ್ಲಿ ಹೆಡ್‌ಫೋನ್ ಕಳಚಿಟ್ಟರು.

ತೂಕಡಿಸುತ್ತಿದ್ದನೇ ಈ ಮುದುಕ!

ನಾಗೇಂದ್ರಪ್ಪ ಒಂದೇ ನೆಗೆತಕ್ಕೆ ಆಚೆ ಹೋದ. ಯಂತ್ರದಿಂದ ಸುರುಳಿ ಕಿತ್ತು, ಟೇಪನ್ನು ಮಾರುಗಟ್ಟಲೆ ಎಳೆದು, ತುಂಡು ತುಂಡಾಗಿ ಹರಿದು ನೆಲಕ್ಕೆ ಬಿಸಾಡಿದ. ಸಣ್ಣಪ್ಪ ಓಡಿಬಂದು ಕೈ ಹಿಡಿಯುವ ಹೊತ್ತಿಗೆ ಉಳಿದಿದ್ದು ಬರೀ ಖಾಲಿ ಚಕ್ರ. ಆಗ, ಮೊದಲ ಸಲ, ಜಂಪಣ್ಣನವರ ಮುಖ ಅಲುಗಿತು. ಕಣ್ಣಲ್ಲಿ ಗಾಬರಿ.

"ಅಷ್ಟು ಕೆಟ್ಟಿತ್ತೇನಪ್ಪಾ?"

ಅಣಕ ಬೇರೆ! ನಾಗೇಂದ್ರಪ್ಪನಿಗೆ ಅಳು ಉಕ್ಕಿಬಂತು. "ಮೂರು ಜನ ಜೀವ ತೇಯ್ದು ನುಡಿಸಿದ್ವಿ, ಸುಮ್ನೆ ಒಂದ್ಸಲ ತಲೆ ಆಡ್ಸಿದ್ರೆ ನಿಮ್ಮ ಗಂಟೇನು ಹೋಗ್ತಿತ್ರೀ?" ಎಂದು ಕೋಣೆ ಹಾರಿಹೋಗುವಂತೆ ಕೂಗಿದ.

ಕೆಂಪಕ್ಕ ತಟ್ಟೆಯನ್ನು ಕೆಳಗಿಟ್ಟು, ನೆಲದ ಮೇಲಿನ ಟೇಪಿನ ಚೂರುಗಳನ್ನು ನೋಡುತ್ತ ನಿಂತರು.

"ಕೂಗಿ ಉಪಯೋಗ ಇಲ್ಲಪ್ಪ. ಹೊಟ್ಟೆಪಾಡು ಅಂತ ಯಾರಿಗೂ ಹೇಳಿಲ್ಲ, ಅವರ ಕಿವಿ ಹೋಗಿ ಎರಡು ವರ್ಷ ಆತು."